ಮಾರಾಟದ ವಿದ್ಯೆ, ವಿದ್ಯೆಯ ಬೆಲೆ

ಮಾರುವುದು ಮನುಷ್ಯನ ಅತಿ ಪ್ರಾಚೀನವಾದ ಕಸುಬುಗಳಲ್ಲೊಂದು. ಆದರೆ ಅದನ್ನು ಶಾಲೆಯಲ್ಲಿ ಕೂತು ಕಲಿಯಬೇಕೆಂಬ ಭಾವನೆ ತೀರ ಈಚಿನದು. ಸಂತೆಯಲ್ಲಿ ಮಲಾರ ಬಿಚ್ಚಿ ಕೂರುವ ಬಳೆಗಾರನು ಹೆಂಗಸಿನ ಕೈ ನೋಡಿದೊಡನೆ ಬಳೆಯ ಅಳತೆ ಹೇಳುವುದನ್ನು ತನ್ನ ತಂದೆಯಿಂದ ಕಲಿತನೇ ಹೊರತು ಪುಸ್ತಕದಿಂದಲ್ಲ. ಗಿರಾಕಿಯು ಸೀರೆಯ ಸೆರಗನ್ನು ಮೊದಲ ಸಲ ಮುಟ್ಟಿದಾಗ ಸುಮ್ಮನಿರಬೇಕು, ಎರಡನೆಯ ಸಲ ಮುಟ್ಟಿದಾಗ ಬೆಲೆ ಹೇಳಬೇಕು ಎಂಬುದನ್ನು ಜವಳಿ ಅಂಗಡಿಯ ಗುಮಾಸ್ತನು ಸಾಹುಕಾರನ ಕಣ್ಸನ್ನೆಯಿಂದ ತಿಳಿದುಕೊಂಡನು. ಯಾರಿಗೆ ಉದ್ರಿ ಕೊಡಬಹುದು, ಯಾರಿಂದ ವಸೂಲಿ ಕಷ್ಟ ಎಂಬ ಸೂಕ್ಷ್ಮವಂತೂ ನಷ್ಟವನ್ನು ಅನುಭವಿಸಿಯೇ ಬರುತ್ತಿತ್ತು.

ಇಂದು ಪರಿಸ್ಥಿತಿ ಬೇರೆ. ಹತ್ತನೆಯ ತರಗತಿಯನ್ನು ದಾಟಿದ ವಿದ್ಯಾರ್ಥಿಯ ಮುಂದೆ ವಾಣಿಜ್ಯ ವಿಭಾಗವಿದೆ, ಅದರಾಚೆ ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ., ಸ್ನಾತಕೋತ್ತರ ಡಿಪ್ಲೊಮಾ ಮುಂತಾದ ಹಲವು ಹೆಸರುಗಳಿವೆ. ಪ್ರತಿಯೊಂದು ಕಾಲೇಜೂ ತನ್ನಲ್ಲಿ ಮಾರಾಟ ಕಲೆಯನ್ನೂ ಮಾರುಕಟ್ಟೆ ಶಾಸ್ತ್ರವನ್ನೂ ಕಲಿಸುತ್ತೇನೆಂದು ಪ್ರಚಾರ ಮಾಡುತ್ತದೆ. ಶುಲ್ಕವಾದರೋ ಒಂದು ಕಡೆ ಸಾವಿರಗಳಲ್ಲಿದ್ದರೆ ಮತ್ತೊಂದು ಕಡೆ ಲಕ್ಷಗಳಲ್ಲಿದೆ. ಆ ಹಣ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಸಾಲದಿಂದ ಬರುತ್ತದೆ. ಕೆಲವೆಡೆ ಒಡವೆ ಅಡವಿಟ್ಟು, ಹೊಲ ಮಾರಿ ಬರುತ್ತದೆ. ಆದ್ದರಿಂದ ಈ ವಿದ್ಯೆಗಳಲ್ಲಿ ಯಾವುದು ಎಷ್ಟು ಬೆಲೆಬಾಳುವುದೆಂಬ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ.

ಮಾರಾಟವನ್ನು ಪಾಠವಾಗಿ ಕಲಿಸುವ ಪ್ರಯತ್ನ ಮೊದಲು ಬಲವಾಗಿ ನಡೆದದ್ದು ಅಮೆರಿಕದಲ್ಲಿ. ಅದೂ ಕಾಲೇಜಿನಲ್ಲಲ್ಲ, ಒಂದು ಕಾರ್ಖಾನೆಯಲ್ಲಿ. ಒಹಾಯೋ ರಾಜ್ಯದ ಡೇಟನ್ ನಗರದಲ್ಲಿ ಅಂಗಡಿಗಳ ಗಲ್ಲಾಯಂತ್ರಗಳನ್ನು ತಯಾರಿಸುವ ಉದ್ಯಮವನ್ನು 1884ರಲ್ಲಿ ಜಾನ್ ಪ್ಯಾಟರ್ಸನ್ ಎಂಬಾತ ಕೊಂಡುಕೊಂಡನು. ಗಲ್ಲಾಯಂತ್ರ ಬೇಕೆಂದು ಆಗ ಯಾವ ಅಂಗಡಿಯವನೂ ಕೇಳುತ್ತಿರಲಿಲ್ಲ. ಅದರ ಅಗತ್ಯವನ್ನು ಅವನಿಗೆ ಮನಗಾಣಿಸಬೇಕಾಗಿತ್ತು. ಪ್ಯಾಟರ್ಸನ್ನನು ತನ್ನ ಅತ್ಯುತ್ತಮ ಮಾರಾಟಗಾರರು ಏನು ಹೇಳುತ್ತಾರೆ, ಯಾವ ಆಕ್ಷೇಪಣೆಗೆ ಯಾವ ಉತ್ತರ ಕೊಡುತ್ತಾರೆ ಎಂಬುದನ್ನೆಲ್ಲ ಬರೆಯಿಸಿ ಒಂದು ಕೈಪಿಡಿ ಮಾಡಿಸಿದನು. ಉಳಿದವರು ಅದನ್ನು ಬಾಯಿಪಾಠ ಮಾಡಬೇಕೆಂದು ಕಟ್ಟುಮಾಡಿದನು. 1890ರ ದಶಕದಲ್ಲಿ ಮಾರಾಟಗಾರರಿಗಾಗಿಯೇ ಒಂದು ತರಬೇತಿ ಶಾಲೆಯನ್ನೂ ತೆರೆದನು. ಅವನಲ್ಲಿ ಪಳಗಿದವರ ಪೈಕಿ ಥಾಮಸ್ ವಾಟ್ಸನ್ ಒಬ್ಬನು. ವಾಟ್ಸನ್ ಓದಿದ್ದು ಒಂದು ವರ್ಷದ ವಾಣಿಜ್ಯ ತರಗತಿ ಮಾತ್ರ; ಹಳ್ಳಿಗಳಲ್ಲಿ ಹೊಲಿಗೆ ಯಂತ್ರಗಳನ್ನೂ ವಾದ್ಯಗಳನ್ನೂ ಮಾರುತ್ತ ತಿರುಗಿದವನು. 1914ರಲ್ಲಿ ಅವನು ಸೇರಿದ ಸಂಸ್ಥೆಯೇ 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ಪಡೆದು ಜಗತ್ಪ್ರಸಿದ್ಧವಾಯಿತು.

ವಿಶ್ವವಿದ್ಯಾನಿಲಯಗಳೂ ಈ ವೇಳೆಗೆ ಕಣ್ಣು ತೆರೆದಿದ್ದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಾರ್ಟನ್ ಶಾಲೆ 1881ರಲ್ಲಿ ಸ್ಥಾಪಿತವಾಗಿತ್ತು. ಮಿಷಿಗನ್ ವಿಶ್ವವಿದ್ಯಾನಿಲಯವು 1902ರಲ್ಲಿ ಸರಕು ವಿತರಣೆಯ ಬಗೆಗೆ ಪ್ರತ್ಯೇಕ ಪಾಠಕ್ರಮವನ್ನು ಆರಂಭಿಸಿತು. ಹಾರ್ವರ್ಡ್‌ನ ವ್ಯವಹಾರ ಶಾಲೆ 1908ರಲ್ಲಿ ಬಾಗಿಲು ತೆರೆಯಿತು. ಭಾರತದಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು 1913ರಷ್ಟು ಹಳೆಯದು. ಆದರೆ ಅಲ್ಲಿಂದ ಬಹುಕಾಲ ನಮ್ಮ ವಾಣಿಜ್ಯ ಕಾಲೇಜುಗಳ ಜೀವಾಳ ಲೆಕ್ಕಪತ್ರ, ಬ್ಯಾಂಕಿಂಗ್ ಮತ್ತು ಕಾನೂನುಗಳೇ ಆಗಿದ್ದವು. ಮಾರುಕಟ್ಟೆ ಶಾಸ್ತ್ರಕ್ಕೆ ಮೇಲುಪೀಠ ದೊರೆತದ್ದು 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಸ್ಥಾಪನೆಯಾದ ಮೇಲೆ. ಬೆಂಗಳೂರಿನ ಸಂಸ್ಥೆ 1973ರಲ್ಲಿ ಬಂದಿತು.

ಮಾರಾಟ ಮತ್ತು ಮಾರುಕಟ್ಟೆ ಶಾಸ್ತ್ರ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಅವು ಒಂದೇ ಅಲ್ಲ. ಹಾರ್ವರ್ಡ್‌ನ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ 1960ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಭೇದವನ್ನು ಬಹು ಸ್ಪಷ್ಟವಾಗಿ ತೋರಿಸಿದನು. ಕೈಯಲ್ಲಿರುವ ಸರಕನ್ನು ಹಣವನ್ನಾಗಿ ಮಾಡಿಕೊಳ್ಳುವ ಮಾರುವವನ ಅಗತ್ಯದಿಂದ ಮಾರಾಟ ಹೊರಡುತ್ತದೆ. ಮಾರುಕಟ್ಟೆ ಶಾಸ್ತ್ರವಾದರೋ ಕೊಳ್ಳುವವನ ಅಗತ್ಯದಿಂದ ಹೊರಡುತ್ತದೆ. ಯಾವ ವಸ್ತುವನ್ನು, ಯಾರಿಗಾಗಿ, ಯಾವ ಬೆಲೆಗೆ ತಯಾರಿಸಬೇಕು, ಅದನ್ನು ಯಾವ ದಾರಿಯಿಂದ ಅವರ ಬಾಗಿಲಿಗೆ ಮುಟ್ಟಿಸಬೇಕು ಎಂಬುದೆಲ್ಲ ಅದರ ವಿಚಾರ. ಮಾರಾಟವು ಅದರ ಕೊನೆಯ ಮೆಟ್ಟಿಲು.

ಮೈಸೂರು ಸಂಸ್ಥಾನದ ಇತಿಹಾಸದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರದ ರಫ್ತು ನಿಂತುಹೋಯಿತು. ಮರ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರವು ಮರವನ್ನು ಮಾರಲು ಬೇರೆ ಗಿರಾಕಿಯನ್ನು ಹುಡುಕುವ ಬದಲು 1916ರಲ್ಲಿ ಎಣ್ಣೆ ತೆಗೆಯುವ ಉದ್ಯಮಕ್ಕೆ ಕೈಹಾಕಿತು; ಆ ಎಣ್ಣೆಯಿಂದ ಸಾಬೂನು ಮಾಡುವ ಕಾರ್ಖಾನೆ ಬೆಂಗಳೂರಿನಲ್ಲಿ ಎದ್ದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆಯ ತಂತ್ರವನ್ನು ಅಭ್ಯಾಸ ಮಾಡಿ ಬಂದರು. ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆ, ಶರಭದ ಲಾಂಛನ, ಟ್ರಾಮ್ ಟಿಕೆಟುಗಳ ಮೇಲಿನ ಜಾಹೀರಾತು, ಕರಾಚಿಯ ಬೀದಿಗಳಲ್ಲಿ ನಡೆಯಿತೆಂದು ಹೇಳುವ ಒಂಟೆಗಳ ಮೆರವಣಿಗೆ ಇವೆಲ್ಲ ಅನಂತರದ ಕಥೆ. ಮರ ಮಾರುವವನು ಸುವಾಸನೆ ಮಾರುವವನಾದದ್ದೇ ಮುಖ್ಯ ಹೆಜ್ಜೆ. ಅದನ್ನು ಮಾರಾಟಗಾರನೊಬ್ಬನೇ ಇಡಲಾರ.

ಹಾಗಾದರೆ ಈ ದೃಷ್ಟಿ ಕಾಲೇಜಿನಿಂದಲೇ ಬರುವುದೆ? ಗುಜರಾತಿನ ಎರಡು ಜೀವನಗಳು ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತವೆ.

ಕರ್ಸನ್‌ಭಾಯಿ ಪಟೇಲರು ರಸಾಯನಶಾಸ್ತ್ರದ ಪದವೀಧರರು. ಗುಜರಾತ್ ಸರ್ಕಾರದಲ್ಲಿ ಸಣ್ಣ ನೌಕರಿಯಲ್ಲಿದ್ದವರು. 1969ರಲ್ಲಿ ಅವರು ಮನೆಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ಕೈಯಿಂದಲೇ ಬೆರೆಸಿ, ಕಚೇರಿಗೆ ಹೋಗುವಾಗ ಬರುವಾಗ ಸೈಕಲ್ಲಿನಲ್ಲಿ ಹೊತ್ತು ಮನೆಮನೆಗೆ ಮಾರತೊಡಗಿದರು. ಪುಡಿಗೆ ತಮ್ಮ ಮಗಳ ಹೆಸರನ್ನು ನೆನಪಿಸುವಂತೆ ನಿರ್ಮಾ ಎಂದು ಹೆಸರಿಟ್ಟರು. ಆಗ ದೊಡ್ಡ ಕಂಪನಿಯ ಪುಡಿಗೆ ಕಿಲೋಗೆ ಸುಮಾರು 13 ರೂಪಾಯಿ ಇದ್ದರೆ ನಿರ್ಮಾಕ್ಕೆ ಸುಮಾರು 3 ರೂಪಾಯಿ. ಪುಡಿ ಹಿಡಿಸದಿದ್ದರೆ ಹಣ ಹಿಂದಿರುಗಿಸುವೆನೆಂಬ ಮಾತೂ ಇತ್ತು. ದುಬಾರಿ ಪುಡಿಯನ್ನು ಎಂದೂ ಕೊಳ್ಳದೆ ಬರಿಯ ಬಾರ್ ಸಾಬೂನಿನಲ್ಲಿ ಕೈ ಸವೆಸುತ್ತಿದ್ದ ಲಕ್ಷಾಂತರ ಗೃಹಿಣಿಯರಿದ್ದಾರೆ ಎಂಬುದು ಆ ಸೈಕಲ್ ಸವಾರನಿಗೆ ಗೊತ್ತಿತ್ತು. ಹದಿನೈದು ಹದಿನಾರು ವರ್ಷಗಳಲ್ಲಿ ನಿರ್ಮಾ ತೂಕದ ಲೆಕ್ಕದಲ್ಲಿ ದೊಡ್ಡ ಕಂಪನಿಯ ಪುಡಿಯನ್ನು ಹಿಂದಿಕ್ಕಿತು.

ಆ ದೊಡ್ಡ ಕಂಪನಿ ಹಿಂದೂಸ್ತಾನ್ ಲಿವರ್. ದೇಶದ ಉತ್ತಮ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪದವೀಧರರು ಸೇರಬಯಸುತ್ತಿದ್ದ ಸ್ಥಳ ಅದು. ಅಷ್ಟು ಓದಿದವರಿದ್ದೂ ಹಲವು ವರ್ಷಗಳವರೆಗೆ ಅವರು ನಿರ್ಮಾವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದನ್ನು ಕೊಳ್ಳುವವರು ತಮ್ಮ ಗಿರಾಕಿಗಳೇ ಅಲ್ಲವೆಂದು ಭಾವಿಸಿದ್ದರು. ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಓದಿಗಿಂತ ಸೈಕಲ್ಲೇ ಮೇಲು ಎಂಬ ತೀರ್ಮಾನ ಹೊರಡುತ್ತದೆ, ಮತ್ತು ಭಾಷಣಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಥೆ ಮುಂದುವರಿಯಿತು. ಎಚ್ಚೆತ್ತ ಕಂಪನಿಯು ಬಡ ಗೃಹಿಣಿಯರು ಹೇಗೆ ಬಟ್ಟೆ ಒಗೆಯುತ್ತಾರೆ, ಅಗ್ಗದ ಪುಡಿಯಿಂದ ಅವರ ಕೈಗೂ ಬಟ್ಟೆಗೂ ಏನಾಗುತ್ತದೆ ಎಂದು ಕ್ರಮವಾಗಿ ಅಧ್ಯಯನ ನಡೆಸಿತು. ತಯಾರಿಕೆಯ ವೆಚ್ಚವನ್ನೂ ಸಾಗಾಟದ ವಿಧಾನವನ್ನೂ ಮೊದಲಿಂದ ಲೆಕ್ಕ ಹಾಕಿತು. 1980ರ ದಶಕದ ಉತ್ತರಾರ್ಧದಲ್ಲಿ ವ್ಹೀಲ್ ಎಂಬ ಅಗ್ಗದ ಪುಡಿಯನ್ನು ಹೊರತಂದಿತು. ಕಾಲಕ್ರಮದಲ್ಲಿ ವ್ಹೀಲ್ ನಿರ್ಮಾವನ್ನು ದಾಟಿತು. ಅಧ್ಯಯನ ಮಾಡುವುದು, ಲೆಕ್ಕ ಹಾಕುವುದು, ತಪ್ಪಿದ್ದನ್ನು ತಿದ್ದಿ ಮತ್ತೆ ಯೋಜಿಸುವುದು ಕಾಲೇಜಿನಲ್ಲಿ ಕಲಿಸಬಹುದಾದ ಸಂಗತಿಗಳು. ಯಾರ ಮನೆಯ ಬಾಗಿಲು ತಟ್ಟಬೇಕೆಂದು ತೋಚುವುದನ್ನು ಕಲಿಸುವುದು ಅಷ್ಟು ಸುಲಭವಲ್ಲ. ಅದೇ ಕರ್ಸನ್‌ಭಾಯಿ ಪಟೇಲರು ಮುಂದೆ ಅಹಮದಾಬಾದಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನೂ ತೆರೆದರು; 2003ರಲ್ಲಿ ಅವು ಸೇರಿ ವಿಶ್ವವಿದ್ಯಾನಿಲಯವಾಯಿತು. ಕಾಲೇಜಿನ ಹಂಗಿಲ್ಲದೆ ಗೆದ್ದವರು ಕಾಲೇಜನ್ನು ಅನಗತ್ಯವೆಂದು ಬಗೆಯಲಿಲ್ಲ.

ಈಗ ಪಾಠಕ್ರಮಗಳ ವಿಷಯಕ್ಕೆ ಬರಬಹುದು. ಬಿ.ಕಾಂ. ಪದವಿಯ ತಿರುಳು ಲೆಕ್ಕಪತ್ರ ಶಾಸ್ತ್ರ. ಮಾರುಕಟ್ಟೆ ಶಾಸ್ತ್ರ ಅದರಲ್ಲಿ ಒಂದೆರಡು ಪತ್ರಿಕೆಗಳಷ್ಟೆ. ಆದರೂ ಅದು ಕಡಮೆ ಖರ್ಚಿನದು, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೂಲಕ ತಾಲ್ಲೂಕು ಕೇಂದ್ರಗಳಲ್ಲೂ ದೊರೆಯುವುದು, ಹಲವು ದಾರಿಗಳನ್ನು ತೆರೆದಿಡುವುದು. ಸ್ಟಾಕಿಸ್ಟನ ಲೆಕ್ಕದ ಪುಸ್ತಕವನ್ನು ನೋಡಿ ಅವನ ಕಷ್ಟವೇನೆಂದು ಗ್ರಹಿಸಬಲ್ಲ ಮಾರಾಟಗಾರನಿಗೆ ಯಾವ ಕಂಪನಿಯಲ್ಲೂ ಮರ್ಯಾದೆಯುಂಟು. ಬಿ.ಬಿ.ಎ. ಎಂಬ ಪದವಿಗೆ ಕರ್ನಾಟಕದಲ್ಲಿ ಹಿಂದೆ ಬಿ.ಬಿ.ಎಂ. ಎಂಬ ಹೆಸರಿತ್ತು. ಇದರಲ್ಲಿ ಮಾರುಕಟ್ಟೆ ಶಾಸ್ತ್ರದ ಪಾಲು ಹೆಚ್ಚು, ಲೆಕ್ಕದ ಪಾಲು ಕಡಮೆ. 2024ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಈ ಪದವಿಯನ್ನೂ ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡಿದೆ.

ಎಂ.ಬಿ.ಎ. ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಒಂದೇ ಹೆಸರಿನ ಕೆಳಗೆ ಅಡಗಿರುವ ವ್ಯತ್ಯಾಸ ಇಲ್ಲಿದ್ದಷ್ಟು ಬೇರೆಲ್ಲೂ ಇರಲಾರದು. ವಿಶ್ವವಿದ್ಯಾನಿಲಯದ ವಿಭಾಗದಲ್ಲಿ ಅದನ್ನು ಅಲ್ಪ ಶುಲ್ಕದಲ್ಲಿ ಓದಬಹುದು. ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಶುಲ್ಕ ಬಹು ಹೆಚ್ಚು, ಪ್ರವೇಶವೂ ಬಹು ಕಠಿಣ. ಇವೆರಡರ ನಡುವೆ ಶುಲ್ಕ ಹೆಚ್ಚಾಗಿದ್ದು ಪ್ರವೇಶ ಸುಲಭವಾಗಿರುವ ನೂರಾರು ಕಾಲೇಜುಗಳಿವೆ. ಎಚ್ಚರ ಬೇಕಾದದ್ದು ಈ ಮೂರನೆಯ ಗುಂಪಿನಲ್ಲಿ. ಅಂದಹಾಗೆ, ಪದವಿಯೆಂಬ ಹೆಸರಿಗೆ ಮರುಳಾಗುವುದೂ ಸರಿಯಲ್ಲ. ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು 2017ರ ಕಾಯಿದೆ ಬರುವವರೆಗೆ ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. ಅದನ್ನು ಪಡೆದವರನ್ನು ಉದ್ಯೋಗದಾತರು ಹುಡುಕಿಕೊಂಡು ಹೋಗುತ್ತಿದ್ದರು.

ಇವಲ್ಲದೆ ಒಂದೊಂದು ಕ್ಷೇತ್ರಕ್ಕೆಂದೇ ಹುಟ್ಟಿದ ಸಂಸ್ಥೆಗಳಿವೆ. ಜಾಹೀರಾತು ಮತ್ತು ಸಂವಹನಕ್ಕಾಗಿ 1991ರಲ್ಲಿ ಅಹಮದಾಬಾದಿನಲ್ಲಿ ಮೈಕಾ ಸಂಸ್ಥೆ ಸ್ಥಾಪಿತವಾಯಿತು. ಆನಂದ್‌ನ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಇರ್ಮಾ 1979ರದು. ಕರ್ನಾಟಕದ ಮಣಿಪಾಲದಲ್ಲಿ 1980ರಲ್ಲಿ ಸ್ಥಾಪನೆಯಾದ ಸಂಸ್ಥೆಯು ಟಿ. ಎ. ಪೈ ಅವರ ಹೆಸರನ್ನು ಹೊತ್ತಿದೆ. ಇದರ ಹಿನ್ನೆಲೆಯಲ್ಲೂ ಒಂದು ಮಾರಾಟದ ಕಥೆಯುಂಟು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ತಂದಿತು. ಬ್ಯಾಂಕಿನ ಏಜೆಂಟನು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಜನರಿಗೆ ಬ್ಯಾಂಕೇ ನಡೆದುಬಂದಿತು. ಇದರ ಸಂಸ್ಥಾಪಕರಲ್ಲಿ ಪ್ರಮುಖರಾದ ಟಿ. ಎಂ. ಎ. ಪೈ ಅವರು ವೃತ್ತಿಯಿಂದ ವೈದ್ಯರು.

ಕೆಲವು ಸರಕುಗಳನ್ನು ಮಾರಲು ಮಾರುಕಟ್ಟೆ ಶಾಸ್ತ್ರಕ್ಕಿಂತ ಸರಕಿನ ಶಾಸ್ತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೈದ್ಯರಿಗೆ ಔಷಧದ ವಿವರ ನೀಡುವ ಪ್ರತಿನಿಧಿಯು ಔಷಧಶಾಸ್ತ್ರವನ್ನೋ ವಿಜ್ಞಾನವನ್ನೋ ಓದಿದ್ದರೆ ಅವನ ಮಾತಿಗೆ ತೂಕ ಬರುತ್ತದೆ. ಬಿತ್ತನೆ ಬೀಜ ಮಾರುವವನು ಮಣ್ಣನ್ನು ಅರಿತಿರಬೇಕು.

ಇನ್ನು ಹಣದ ಲೆಕ್ಕ. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಇಬ್ಬರು ಗೆಳತಿಯರು ಬಿ.ಕಾಂ. ಮುಗಿಸಿದ್ದಾರೆ. ಮೊದಲನೆಯವಳು ತಿಂಗಳಿಗೆ 18,000 ರೂಪಾಯಿಗಳ ಮಾರಾಟ ಪ್ರತಿನಿಧಿಯ ಕೆಲಸಕ್ಕೆ ಸೇರಿದಳು. ಎರಡನೆಯವಳು 8 ಲಕ್ಷ ರೂಪಾಯಿ ಸಾಲಮಾಡಿ ಎಂ.ಬಿ.ಎ. ಸೇರಿದಳು. ಅವಳ ಓದಿಗೆ ತಗುಲಿದ ವೆಚ್ಚ 8 ಲಕ್ಷವೇ? ಅಲ್ಲ. ಆ ಎರಡು ವರ್ಷಗಳಲ್ಲಿ ಅವಳೂ ದುಡಿಯಬಹುದಾಗಿದ್ದ 4,32,000 ರೂಪಾಯಿಗಳನ್ನು ಕೂಡಿಸಬೇಕು. ಆಗ ಬಡ್ಡಿಯನ್ನು ಬಿಟ್ಟೂ 12,32,000 ರೂಪಾಯಿಗಳಾಗುತ್ತವೆ. ಓದು ಮುಗಿಯುವ ವೇಳೆಗೆ ಮೊದಲನೆಯವಳ ಸಂಬಳ 22,000ಕ್ಕೆ ಏರಿದೆಯೆಂದೂ ಎರಡನೆಯವಳಿಗೆ 35,000 ರೂಪಾಯಿಗಳ ಕೆಲಸ ದೊರೆಯಿತೆಂದೂ ಭಾವಿಸೋಣ. ತಿಂಗಳಿಗೆ 13,000ದಂತೆ ವರ್ಷಕ್ಕೆ 1,56,000 ರೂಪಾಯಿ ಹೆಚ್ಚು. ಈ ಅಂತರ ಹೀಗೆಯೇ ಉಳಿದರೆ ಖರ್ಚು ಹಿಂದಿರುಗಲು ಸುಮಾರು 8 ವರ್ಷ ಬೇಕು. ಅದೇ ಹುಡುಗಿ ಒಂದು ಲಕ್ಷ ಶುಲ್ಕದ ವಿಶ್ವವಿದ್ಯಾನಿಲಯ ವಿಭಾಗದಲ್ಲಿ ಓದಿ 30,000 ರೂಪಾಯಿಗಳ ಕೆಲಸ ಪಡೆದಿದ್ದರೆ ಐದೂವರೆ ವರ್ಷ ಸಾಕಾಗುತ್ತಿತ್ತು. ಇದಕ್ಕೆ ವಿರುದ್ಧವಾಗಿ, 8 ಲಕ್ಷದ ಓದಿನ ಕೊನೆಗೆ ಅವಳಿಗೆ ದೊರೆತದ್ದು 25,000 ರೂಪಾಯಿಗಳ, ಗೆಳತಿ ಮಾಡುತ್ತಿರುವಂಥದೇ ಕೆಲಸವಾದರೆ? ತಿಂಗಳಿಗೆ 3,000 ರೂಪಾಯಿ ಅಂತರದಲ್ಲಿ ಖರ್ಚು ಹಿಂದಿರುಗಲು 34 ವರ್ಷಗಳಿಗೂ ಮಿಕ್ಕ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಅವಳು ನಿವೃತ್ತಿಯ ವಯಸ್ಸನ್ನು ಸಮೀಪಿಸಿರುತ್ತಾಳೆ.

ಆದ್ದರಿಂದ ಕಾಲೇಜಿನಿಂದ ಹೊರಬಿದ್ದವರಿಗೆ ಏನು ಸಂಬಳ ದೊರೆಯುತ್ತದೆಂಬ ಪ್ರಶ್ನೆ ಸಹಜವಾಗಿಯೇ ಮುಖ್ಯವಾಗುತ್ತದೆ. ಕಾಲೇಜುಗಳು ತಮ್ಮ ಪತ್ರಕಗಳಲ್ಲಿ ಸರಾಸರಿ ಸಂಬಳವನ್ನು ದೊಡ್ಡಕ್ಷರಗಳಲ್ಲಿ ಅಚ್ಚುಹಾಕಿಸುತ್ತವೆ. ಗಣಿತದ ತರಗತಿಯಲ್ಲಿ ಸರಾಸರಿಯೊಡನೆ ಮಧ್ಯಾಂಕವನ್ನೂ ಕಲಿಸುವುದು ಏಕೆಂದು ಕೇಳುವವರಿಗೆ ಇಲ್ಲಿ ಉತ್ತರವಿದೆ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತಿಂಗಳಿಗೆ 20,000 ರೂಪಾಯಿ, ಒಬ್ಬನಿಗೆ 2 ಲಕ್ಷ ರೂಪಾಯಿ ದೊರೆತರೆ ಸರಾಸರಿ 38,000 ಆಗುತ್ತದೆ. ಆ ಸಂಬಳ ಪಡೆದವರು ಅವರಲ್ಲಿ ಒಬ್ಬರೂ ಇಲ್ಲ. ಮಧ್ಯಾಂಕ 20,000. ಸತ್ಯಕ್ಕೆ ಹತ್ತಿರವಾದದ್ದು ಇದೇ. ಕೇಂದ್ರ ಸರ್ಕಾರವು 2016ರಿಂದ ಪ್ರಕಟಿಸುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಗೂ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಒದಗಿಸಬೇಕಾದದ್ದು ಸಂಬಳದ ಮಧ್ಯಾಂಕವನ್ನು. ಅದರೊಡನೆ, ಹತ್ತು ಮಂದಿ ಎಂದರೆ ಒಟ್ಟು ಸೇರಿದವರೋ ಅಥವಾ ಕೆಲಸ ಸಿಕ್ಕವರು ಮಾತ್ರವೋ ಎಂದೂ ಕೇಳಬೇಕಾಗುತ್ತದೆ. ಮಾರಾಟದ ಕೆಲಸಗಳಲ್ಲಿ ಸಂಬಳದ ಒಂದು ಭಾಗ ಕಮಿಷನ್ನಾಗಿರುವುದುಂಟು. ಗೊತ್ತುಪಡಿಸಿದ ಗುರಿ ಮುಟ್ಟಿದರೆ ಮಾತ್ರ ಕೈಗೆ ಬರುವ ಆ ಭಾಗವನ್ನೂ ಪೂರ್ಣವಾಗಿ ಸೇರಿಸಿ ಹೇಳಿದ ಅಂಕಿ ಬರಿಯ ಆಸೆಯ ಅಂಕಿ.

ಸಂಬಳದ ಪಟ್ಟಿ ಹೇಳದ ಸಂಗತಿಗಳೂ ಇವೆ. ಕಾಲೇಜಿನಲ್ಲಿ ಪಾಠ ಹೇಳುವವರು ಎಂದಾದರೂ ಬಿಸಿಲಿನಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿ ಆರ್ಡರು ಬರೆದುಕೊಂಡವರೆ? ವಿದ್ಯಾರ್ಥಿಗಳನ್ನು ರಜೆಯ ತಿಂಗಳುಗಳಲ್ಲಿ ಕಂಪನಿಗಳಿಗೆ ಕಳುಹಿಸಿದಾಗ ಅವರು ಅಲ್ಲಿ ನಿಜವಾಗಿ ಕೆಲಸ ಮಾಡುತ್ತಾರೆಯೆ, ಅಥವಾ ಹಳೆಯ ವರದಿಯನ್ನೇ ನಕಲು ಮಾಡಿ ತರುತ್ತಾರೆಯೆ? ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಮೂರನೆಯ ಪ್ರಶ್ನೆಗೆ ಕಾಲೇಜಿನ ಕಚೇರಿಗಿಂತ ಆ ಹಳೆಯ ವಿದ್ಯಾರ್ಥಿಗಳೇ ಉತ್ತಮ ಉತ್ತರ ಕೊಡಬಲ್ಲರು. ಇಬ್ಬರು ಮೂವರನ್ನು ವಿಚಾರಿಸಲು ಯಾವ ಶುಲ್ಕವೂ ಇಲ್ಲ. ಹಿಂದೂಸ್ತಾನ್ ಲಿವರ್ ಕಂಪನಿಯು ಅತ್ಯುನ್ನತ ಸಂಸ್ಥೆಗಳಿಂದ ಬಂದ ತರುಣರನ್ನೂ ಉತ್ತರ ಪ್ರದೇಶದ ಏಟಾ ಜಿಲ್ಲೆಯ ಹಳ್ಳಿಗಳಿಗೆ ಕಳುಹಿಸಿ ಕೆಲವು ವಾರ ಅಲ್ಲಿಯೇ ಇರಿಸುವ ಪದ್ಧತಿಯನ್ನು ಇಟ್ಟುಕೊಂಡಿತ್ತು. ಕಾಲೇಜು ಎಲ್ಲಿಗೆ ನಿಲ್ಲುತ್ತದೆಂಬುದು ಅದಕ್ಕೆ ತಿಳಿದಿತ್ತು.

ಇದನ್ನು ಕಾಲೇಜಿನೊಳಕ್ಕೇ ತಂದವರು ಆನಂದ್‌ನ ವರ್ಗೀಸ್ ಕುರಿಯನ್. ಅವರು ಓದಿದ್ದು ಎಂಜಿನಿಯರಿಂಗ್. 1949ರಲ್ಲಿ ಆನಂದ್‌ಗೆ ಬಂದು, ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ದುಡಿದು, ಅಮುಲ್ ಎಂಬ ಹೆಸರನ್ನು ಮನೆಮಾತಾಗಿಸಿದವರು. ರೈತರ ಸಂಘಗಳು ಬೆಳೆದಂತೆ ಅವಕ್ಕೂ ಮಾರುಕಟ್ಟೆ ಬಲ್ಲ ಮ್ಯಾನೇಜರುಗಳು ಬೇಕಾದರು. ನಗರದ ಸಂಸ್ಥೆಗಳಲ್ಲಿ ಓದಿದವರು ನಗರದ ಕಂಪನಿಗಳಿಗೇ ಹೋಗುತ್ತಿದ್ದರು. ಕಂಪನಿಗೆ ದೊರೆಯುವ ಬುದ್ಧಿವಂತಿಕೆ ರೈತನಿಗೂ ದೊರೆಯಬೇಕೆಂದು ಕುರಿಯನ್ನರು ಇರ್ಮಾವನ್ನು ಕಟ್ಟಿದರು. 2025ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾನಿಲಯವಾಗಿದೆ. ಅಲ್ಲಿ ಸೇರಿದ ವಿದ್ಯಾರ್ಥಿಗಳು ಪಾಠಗಳ ನಡುವೆ ಹಲವು ವಾರ ಹಳ್ಳಿಯಲ್ಲಿ ವಾಸಿಸುವುದು ಇರ್ಮಾದ ಪಾಠಕ್ರಮದ ಅಂಗವಾಗಿತ್ತು. ಹಳ್ಳಿಯ ದಿನ ನಸುಕಿನಲ್ಲಿ ಹಾಲಿನ ಡೇರಿಯ ಮುಂದೆ ತೊಡಗುತ್ತದೆ. ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹಾಲನ್ನು ಅಳೆದು, ಕೊಬ್ಬಿನಂಶ ಪರೀಕ್ಷಿಸಿ, ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಬೆಣ್ಣೆಯ ಜಾಹೀರಾತಿನ ವಿಷಯವಾಗಿ ಪ್ರಬಂಧ ಬರೆದಿದ್ದವನು ಆ ಸಾಲಿನ ಪಕ್ಕದಲ್ಲಿ ನಿಂತು, ಒಂದು ಎಮ್ಮೆಯ ಮೇವಿಗೆ ಎಷ್ಟು ಖರ್ಚು, ಅರ್ಧ ಲೀಟರು ಹಾಲಿಗೆ ಎಷ್ಟು ಬಂದಿತು, ಮನೆಯ ಮಕ್ಕಳಿಗೆ ಎಷ್ಟು ಉಳಿಯಿತು ಎಂದು ಲೆಕ್ಕ ಬರೆದುಕೊಳ್ಳಬೇಕಾಗಿತ್ತು.